ಮೆಚ್ಚಿನ ಆಟಗಾರನನ್ನು ಬಿಟ್ಟುಕೊಡುವ ಲೆಕ್ಕ

2018ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಸ್ಟನ್ ರೆಡ್ ಸಾಕ್ಸ್ 162 ಪಂದ್ಯಗಳಲ್ಲಿ 108 ಗೆದ್ದಿತು. ವರ್ಲ್ಡ್ ಸೀರೀಸ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು ಮಣಿಸಿ ಚಾಂಪಿಯನ್ ಆಯಿತು. ಆ ವರ್ಷ ತಂಡದ ತಾರೆ ಮೂಕಿ ಬೆಟ್ಸ್ ಅವರ ಬ್ಯಾಟಿಂಗ್ ಸರಾಸರಿ .346. ಹೋಮ್ ರನ್ 32, ಕದ್ದ ಬೇಸ್ 30. ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಅವರಿಗೇ ಬಂತು. ಅದಾಗಿ ಹದಿನೈದು ತಿಂಗಳು ಕಳೆದಿತ್ತಷ್ಟೇ, 2020ರ ಫೆಬ್ರುವರಿಯಲ್ಲಿ ರೆಡ್ ಸಾಕ್ಸ್ ಅವರನ್ನು ಬಿಟ್ಟುಕೊಟ್ಟಿತು. ಅದೂ ಯಾರಿಗೆ? ಫೈನಲ್‌ನಲ್ಲಿ ತಾನೇ ಸೋಲಿಸಿದ್ದ ಡಾಡ್ಜರ್ಸ್‌ಗೆ. ಆಗ ಬೆಟ್ಸ್‌ಗೆ 27 ವರ್ಷ, ಬ್ಯಾಟ್ಸ್‌ಮನ್ ಒಬ್ಬನ ಆಟ ಮಾಗುವ ವಯಸ್ಸು.

ಐಪಿಎಲ್ ನೋಡುವ ನಮಗೆ ಆಟಗಾರ ಜೆರ್ಸಿ ಬದಲಿಸುವುದು ಹೊಸದೇನಲ್ಲ. ಆದರೆ ಅಲ್ಲಿ ಕೆಲವು ವರ್ಷಕ್ಕೊಮ್ಮೆ ಮೆಗಾ ಹರಾಜು ನಡೆದು ಎಲ್ಲ ತಂಡಗಳೂ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಯಾರು ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೂ ಪಕ್ಕಾ ಮಿತಿ ಇದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಈ ಎರಡೂ ಇಲ್ಲ. ಇರುವುದು ಒಪ್ಪಂದದ ವರ್ಷಗಳು ಮತ್ತು ಅವುಗಳ ವ್ಯಾಪಾರ. ಅದಕ್ಕೇ ಅಲ್ಲಿನ ಟ್ರೇಡ್‌ಗಳ, ಅಂದರೆ ಆಟಗಾರರ ಅದಲು ಬದಲಿನ ಬಗ್ಗೆ ನಮ್ಮಲ್ಲೂ ಅಮೆರಿಕದವರಲ್ಲೂ ಹಲವು ತಪ್ಪು ಕಲ್ಪನೆಗಳಿವೆ.

ಕಲ್ಪನೆ: ಆಟ ಕುಸಿದವರನ್ನು ದಾಟಿಸಿಬಿಡುತ್ತಾರೆ.

ಆಟ ಕುಸಿದವರನ್ನು ಕೊಳ್ಳುವವರು ಯಾರು? ಎದುರಿಗಿರುವ ಮ್ಯಾನೇಜರ್ ಕೂಡ ಅದೇ ಅಂಕಿ ಅಂಶ ನೋಡುತ್ತಾ ಕೂತಿರುತ್ತಾನೆ. 2014ರ ನವೆಂಬರ್‌ನಲ್ಲಿ ಓಕ್ಲೆಂಡ್ ಅಥ್ಲೆಟಿಕ್ಸ್ ತಂಡ ತನ್ನ ಅತ್ಯುತ್ತಮ ಬ್ಯಾಟ್ಸ್‌ಮನ್ ಜಾಶ್ ಡೊನಾಲ್ಡ್‌ಸನ್ ಅವರನ್ನು ಟೊರಾಂಟೊಗೆ ಕೊಟ್ಟಿತು. ಮರುವರ್ಷವೇ ಅವರು ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡರು, 1993ರ ನಂತರ ಟೊರಾಂಟೊ ಮೊದಲ ಸಲ ಪ್ಲೇಆಫ್ ಕಂಡಿತು. ಮಯಾಮಿ ಮಾರ್ಲಿನ್ಸ್ 2018ರ ಜನವರಿಯಲ್ಲಿ ಕ್ರಿಶ್ಚನ್ ಯೆಲಿಚ್ ಅವರನ್ನು ಮಿಲ್ವಾಕಿಗೆ ಕಳಿಸಿತು. ಅದೇ ವರ್ಷ, ಮೇಜರ್ ಲೀಗ್‌ನ ಇನ್ನೊಂದು ಭಾಗವಾದ ನ್ಯಾಷನಲ್ ಲೀಗ್‌ನ ಅದೇ ಪ್ರಶಸ್ತಿ ಯೆಲಿಚ್ ಪಾಲಾಯಿತು. ಮಾರುಕಟ್ಟೆಯಲ್ಲಿ ಬೆಲೆ ಸಿಗುವುದು ಆಡುತ್ತಿರುವವನಿಗೆ.

ಕಲ್ಪನೆ: ಸಂಬಳ ಜಾಸ್ತಿಯಾಯಿತು, ಅದಕ್ಕೇ ಕಳಿಸಿದರು.

ಮೇಲೆ ಹೇಳಿದ ಇಬ್ಬರೂ ಅಗ್ಗದ ಆಟಗಾರರು. 2014ರಲ್ಲಿ ಡೊನಾಲ್ಡ್‌ಸನ್ ಪಡೆಯುತ್ತಿದ್ದದ್ದು ಹೆಚ್ಚುಕಡಿಮೆ ಲೀಗ್‌ನ ಕನಿಷ್ಠ ಸಂಬಳ. ಯೆಲಿಚ್ ಏಳು ವರ್ಷಕ್ಕೆ ಒಟ್ಟು 5 ಕೋಟಿ ಡಾಲರ್‌ಗೂ ಕಡಿಮೆ ಮೊತ್ತಕ್ಕೆ ಸಹಿ ಹಾಕಿದ್ದರು. ಹಾಗಾದರೆ ಇವರನ್ನು ಯಾಕೆ ಬಿಟ್ಟರು? ಅಗ್ಗವಾಗಿದ್ದರು ಎಂಬುದಕ್ಕೇ ಬಿಟ್ಟರು. ಇದು ತಲೆಗೆ ಹತ್ತಬೇಕಾದರೆ ಬೇಸ್‌ಬಾಲಿನ ಸಂಬಳದ ಏಣಿಯನ್ನು ಒಮ್ಮೆ ನೋಡಬೇಕು.

ಮೇಜರ್ ಲೀಗ್‌ಗೆ ಕಾಲಿಟ್ಟ ಆಟಗಾರ ಸುಮಾರು ಮೊದಲ ಮೂರು ವರ್ಷ ತಂಡ ಕೊಟ್ಟಷ್ಟನ್ನು ತೆಗೆದುಕೊಳ್ಳಬೇಕು. ಕನಿಷ್ಠ ಸಂಬಳ 2025ರಲ್ಲಿ 7,60,000 ಡಾಲರ್ ಇತ್ತು. ನಮಗೆ ಅದು ದೊಡ್ಡ ದುಡ್ಡು. ಆ ಲೋಕದಲ್ಲಿ ಚಿಲ್ಲರೆ. ಆಮೇಲಿನ ಮೂರು ವರ್ಷ ಸಂಬಳದ ವಿಚಾರ ಒಮ್ಮತಕ್ಕೆ ಬರದಿದ್ದರೆ ಮಧ್ಯಸ್ಥಿಕೆಗೆ ಹೋಗಬಹುದು. ಆರು ಪೂರ್ತಿ ವರ್ಷ ಮುಗಿದ ಮೇಲೆ ಅವನು ಫ್ರೀ ಏಜೆಂಟ್, ಯಾರ ಹಂಗೂ ಇಲ್ಲ, ಯಾವ ತಂಡದ ಜೊತೆಗೂ ಚೌಕಾಸಿ ಮಾಡಬಹುದು. ಬೆಟ್ಸ್ ಈ ಏಣಿ ಹತ್ತಿದ ಬಗೆ ನೋಡಿ: 2016ರಲ್ಲಿ ಅತ್ಯುತ್ತಮ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಎರಡನೇ ಸ್ಥಾನ ಬಂದಾಗ ಅವರ ಸಂಬಳ 5,66,000 ಡಾಲರ್. 2017ರಲ್ಲಿ 9,50,000. 2018ರಲ್ಲಿ ಮಧ್ಯಸ್ಥಗಾರರ ಮುಂದೆ ತಂಡದ ವಿರುದ್ಧ ವಾದಿಸಿ ಗೆದ್ದು 1.05 ಕೋಟಿ. 2019ರಲ್ಲಿ 2 ಕೋಟಿ, 2020ಕ್ಕೆ 2.7 ಕೋಟಿ.

ಇನ್ನು ಆಟದ ಬೆಲೆ. ಈಗಿನ ಎಲ್ಲ ತಂಡಗಳ ಕಚೇರಿಗಳಲ್ಲೂ ‘ವಾರ್’ ಎಂಬ ಅಳತೆ, ಇಲ್ಲವೇ ಅದರ ದಾಯಾದಿ ಒಂದು ಇದ್ದೇ ಇರುತ್ತದೆ. ಸುಲಭವಾಗಿ ಸಿಗುವ ಒಬ್ಬ ಸಾಧಾರಣ ಬದಲಿ ಆಟಗಾರನಿಗಿಂತ ಇವನು ತಂಡಕ್ಕೆ ಎಷ್ಟು ಗೆಲುವು ಹೆಚ್ಚು ತಂದುಕೊಟ್ಟ ಎಂಬ ಲೆಕ್ಕ ಅದು. ಬ್ಯಾಟಿಂಗ್, ಓಟ, ಫೀಲ್ಡಿಂಗ್ ಎಲ್ಲ ಅದರೊಳಗೆ ಸೇರಿರುತ್ತದೆ. ಬಯಲು ಮಾರುಕಟ್ಟೆಯಲ್ಲಿ ಅಂಥ ಒಂದು ಗೆಲುವಿಗೆ ತಂಡಗಳು ಸುಮಾರು 80-90 ಲಕ್ಷ ಡಾಲರ್ ತೆರುತ್ತವೆ ಎಂಬುದು ವಿಶ್ಲೇಷಕರ ಅಂದಾಜು. 2018ರ ಬೆಟ್ಸ್ ಹತ್ತಕ್ಕೂ ಹೆಚ್ಚು ಗೆಲುವಿನ ಆಟಗಾರ. ಅಂದರೆ 8 ಕೋಟಿಗೂ ಮೀರಿದ ಆಟವನ್ನು ರೆಡ್ ಸಾಕ್ಸ್ 1.05 ಕೋಟಿಗೆ ಪಡೆದಿತ್ತು. ಆ ಅಂತರವೇ ಟ್ರೇಡ್‌ನಲ್ಲಿ ಕೈ ಬದಲಾಗುವ ಸರಕು. ಡೊನಾಲ್ಡ್‌ಸನ್ ವಿಷಯದಲ್ಲಿ ಅಂಥ ಅಗ್ಗದ ವರ್ಷಗಳು ಇನ್ನೂ ನಾಲ್ಕು ಉಳಿದಿದ್ದವು. ಓಕ್ಲೆಂಡ್ ಮಾರಿದ್ದು ಆ ನಾಲ್ಕು ವರ್ಷಗಳನ್ನು. ಬದಲಿಗೆ ತೆಗೆದುಕೊಂಡದ್ದು ನಾಲ್ವರು ಹುಡುಗರನ್ನು. ಅವರಲ್ಲಿ ಮುಖ್ಯ ಎನಿಸಿದ್ದ ಶಾರ್ಟ್‌ಸ್ಟಾಪ್ ಫ್ರಾಂಕ್ಲಿನ್ ಬರೆಟೊ ಕೊನೆಗೂ ಅರಳಲಿಲ್ಲ, ಅದು ಬೇರೆ ಮಾತು.

ಕಲ್ಪನೆ: ಬೆಟ್ಸ್‌ಗೆ ಕೊಡಲು ಬಾಸ್ಟನ್ ಬಳಿ ದುಡ್ಡಿರಲಿಲ್ಲ.

ಇದನ್ನು ನಂಬುವವರನ್ನು ಕಂಡರೆ ನನಗೆ ಅಚ್ಚರಿ. 2020ರಲ್ಲಿ ಫೋರ್ಬ್ಸ್ ಪತ್ರಿಕೆಯ ಅಂದಾಜಿನಂತೆ ರೆಡ್ ಸಾಕ್ಸ್‌ನ ಬೆಲೆ 300 ಕೋಟಿ ಡಾಲರ್‌ಗೂ ಮೇಲೆ. ಮಾಲೀಕ ಜಾನ್ ಹೆನ್ರಿ ಅವರ ಸಂಸ್ಥೆಯ ಕೈಯಲ್ಲೇ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಕ್ಲಬ್ಬೂ ಇದೆ. ದುಡ್ಡಿತ್ತು. ಇಲ್ಲದ್ದು ತೆರಿಗೆ ಕಟ್ಟುವ ಮನಸ್ಸು.

ಬೇಸ್‌ಬಾಲ್‌ನಲ್ಲಿ ಸಂಬಳಕ್ಕೆ ಗಟ್ಟಿ ಮಿತಿ ಇಲ್ಲ. ಆದರೆ ಒಂದು ಗೆರೆ ಇದೆ. ತಂಡದ ಒಟ್ಟು ಸಂಬಳ ಅದನ್ನು ದಾಟಿದರೆ, ದಾಟಿದ ಮೊತ್ತದ ಮೇಲೆ ಲೀಗ್‌ಗೆ ತೆರಿಗೆ ಕಟ್ಟಬೇಕು. ಜನ ಅದನ್ನು ಲಕ್ಷುರಿ ಟ್ಯಾಕ್ಸ್ ಎನ್ನುತ್ತಾರೆ. ಮೊದಲ ಸಲ ದಾಟಿದರೆ ನೂರಕ್ಕೆ 20, ಸತತ ಎರಡನೇ ವರ್ಷ 30, ಮೂರನೇ ವರ್ಷದಿಂದ 50. ಒಂದು ವರ್ಷ ಗೆರೆಯ ಕೆಳಗೆ ಇಳಿದುಬಿಟ್ಟರೆ ಸಾಕು, ಮುಂದಿನ ಸಲ ಮತ್ತೆ 20ರಿಂದಲೇ ಶುರು. 2018 ಮತ್ತು 2019ರಲ್ಲಿ ರೆಡ್ ಸಾಕ್ಸ್ ಗೆರೆ ದಾಟಿತ್ತು. 2020ರ ಗೆರೆ 20.8 ಕೋಟಿ ಡಾಲರ್. ಅದರೊಳಗೆ ಬರಬೇಕು ಎಂದು ಹೆನ್ರಿ 2019ರ ಸೆಪ್ಟೆಂಬರ್‌ನಲ್ಲೇ ಹೇಳಿಯಾಗಿತ್ತು. ಇಷ್ಟೆಲ್ಲ ಹೆದರಿದ ಆ ತೆರಿಗೆ ಎಷ್ಟು? ಹಿಂದಿನ ಎರಡು ವರ್ಷ ಅವರು ಕಟ್ಟಿದ್ದು ವರ್ಷಕ್ಕೆ ಸುಮಾರು 1.2-1.3 ಕೋಟಿ ಡಾಲರ್.

ತಂಡದ ಸಂಬಳದ ಪಟ್ಟಿಯಲ್ಲಿ ಭಾರವಾದ ಹೆಸರು ಬೆಟ್ಸ್ ಅವರದ್ದೊಂದೇ ಅಲ್ಲ. ಪಿಚರ್ ಡೇವಿಡ್ ಪ್ರೈಸ್‌ಗೆ 2015ರಲ್ಲಿ ಏಳು ವರ್ಷಕ್ಕೆ 21.7 ಕೋಟಿ ಡಾಲರ್‌ನ ಒಪ್ಪಂದ ಕೊಟ್ಟಿದ್ದರು. ಅದರಲ್ಲಿ ಮೂರು ವರ್ಷ, 9.6 ಕೋಟಿ ಡಾಲರ್ ಇನ್ನೂ ಬಾಕಿ. ಪ್ರೈಸ್‌ಗೆ 34 ವರ್ಷವಾಗಿತ್ತು, ಗಾಯಗಳ ಕಾಟ ಬೇರೆ. ಅವರೊಬ್ಬರನ್ನೇ ಯಾರೂ ಮುಟ್ಟುತ್ತಿರಲಿಲ್ಲ. ನ್ಯಾಯಬೆಲೆ ಅಂಗಡಿಯವನು ಅಕ್ಕಿ ಬೇಕಾದರೆ ಈ ಸೋಪನ್ನೂ ತಗೊಳ್ಳಿ ಎಂದು ಗಂಟು ಹಾಕುವ ಹಾಗೆ, ರೆಡ್ ಸಾಕ್ಸ್ ಬೆಟ್ಸ್ ಜೊತೆಗೆ ಪ್ರೈಸ್ ಅವರನ್ನೂ ಸೇರಿಸಿತು. ಅಷ್ಟಾದರೂ ಡಾಡ್ಜರ್ಸ್ ಪೂರ್ತಿ ಭಾರ ಹೊರಲು ಒಪ್ಪದ್ದರಿಂದ, ಬಾಕಿ ಮೊತ್ತದ ಅರ್ಧವನ್ನು ಬಾಸ್ಟನ್ನೇ ಕೊಡಬೇಕಾಯಿತು.

ಮೊದಲ ಮಾತುಕತೆಯಲ್ಲಿ ಮಿನೆಸೋಟ ಟ್ವಿನ್ಸ್ ತಂಡವೂ ಇತ್ತು. ಅವರ ವೇಗದ ಪಿಚರ್ ಬ್ರಸ್ಡಾರ್ ಗ್ರಟೆರೋಲ್ ಬಾಸ್ಟನ್‌ಗೆ ಬರಬೇಕಿತ್ತು. ವೈದ್ಯಕೀಯ ವರದಿ ನೋಡಿ ಬಾಸ್ಟನ್ ಹಿಂದೆ ಸರಿಯಿತು. ಕೆಲವು ದಿನ ಎಲ್ಲ ಅತಂತ್ರವಾಗಿ, ಕೊನೆಗೆ ಎರಡು ತಂಡಗಳ ನಡುವೆಯೇ ವ್ಯವಹಾರ ಕುದುರಿತು. ಬಾಸ್ಟನ್‌ಗೆ ಸಿಕ್ಕವರು ಅಲೆಕ್ಸ್ ವರ್ಡೂಗೊ, ಜೀಟರ್ ಡೌನ್ಸ್, ಕಾನರ್ ವಾಂಗ್. ತಮಾಷೆಯೆಂದರೆ ಬೇಡವೆಂದ ಆ ಗ್ರಟೆರೋಲ್ ಇನ್ನೊಂದು ಟ್ರೇಡ್ ಮೂಲಕ ಡಾಡ್ಜರ್ಸ್ ಸೇರಿ, ಅದೇ ವರ್ಷ ಚಾಂಪಿಯನ್ ಉಂಗುರ ತೊಟ್ಟರು.

ಬೆಟ್ಸ್ ಕಡೆಯ ಮಾತೂ ಇದೆ. ಬಾಸ್ಟನ್ ದೀರ್ಘಾವಧಿಯ ಒಪ್ಪಂದ ಮುಂದಿಟ್ಟಿತ್ತು, ಬೆಟ್ಸ್ ಒಪ್ಪಿರಲಿಲ್ಲ. ಮಾರುಕಟ್ಟೆಯಲ್ಲಿ ತನ್ನ ಬೆಲೆ ಏನೆಂದು ನೋಡುತ್ತೇನೆ ಎಂಬುದು ಅವರ ನಿಲುವು. ಆದರೆ ಟ್ರೇಡ್ ಆಗಿ ಆರು ತಿಂಗಳೊಳಗೆ, ಕೋವಿಡ್‌ನಿಂದ ಕ್ರೀಡಾಂಗಣಗಳೆಲ್ಲ ಖಾಲಿ ಹೊಡೆಯುತ್ತಿದ್ದ 2020ರ ಜುಲೈನಲ್ಲಿ, ಡಾಡ್ಜರ್ಸ್ 12 ವರ್ಷಕ್ಕೆ 36.5 ಕೋಟಿ ಡಾಲರ್ ಎಂದಾಗ ಮಾರುಕಟ್ಟೆ ನೋಡುವ ಗೋಜಿಗೆ ಹೋಗದೆ ಸಹಿ ಹಾಕಿದರು. ಆ ಅಕ್ಟೋಬರ್‌ನಲ್ಲೇ ವರ್ಲ್ಡ್ ಸೀರೀಸ್ ಗೆದ್ದರು. 2024ರಲ್ಲಿ ಮತ್ತೆ, 2025ರಲ್ಲಿ ಮತ್ತೂ ಒಮ್ಮೆ.

ಬಾಸ್ಟನ್? 2020ರಲ್ಲಿ ತನ್ನ ವಿಭಾಗದಲ್ಲಿ ಕೊನೆ. 2021ರಲ್ಲಿ ಲೀಗ್ ಫೈನಲ್‌ವರೆಗೆ ಹೋಯಿತು, ಅದನ್ನು ಮರೆಯಬಾರದು. 2022, 2023 ಮತ್ತೆ ಕೊನೆ. ಡೌನ್ಸ್ 14 ಪಂದ್ಯ ಆಡಿ ಹೊರಬಿದ್ದರು. ವರ್ಡೂಗೊ ಚೆನ್ನಾಗಿಯೇ ಆಡಿದರು, ಆದರೆ 2023ರ ಡಿಸೆಂಬರ್‌ನಲ್ಲಿ ಬದ್ಧವೈರಿ ಯಾಂಕೀಸ್ ಪಾಲಾದರು. ಗೆರೆಯೊಳಗೆ ಬಂದದ್ದು ಮಾತ್ರ ನಿಜ.

ಕಲ್ಪನೆ: ಬಿಡುವುದೇ ಆದರೆ ಕೊನೆಯ ದಿನದವರೆಗೂ ಆಡಿಸಿಕೊಂಡು ಬಿಡಬಹುದಿತ್ತು.

ಅಭಿಮಾನಿಯ ಜಾಗದಲ್ಲಿ ನಿಂತು ನೋಡಿದರೆ ಸರಿಯೇ. ಆದರೆ ಒಪ್ಪಂದ ಮುಗಿದು ಆಟಗಾರ ಫ್ರೀ ಏಜೆಂಟ್ ಆದರೆ ತಂಡದ ಕೈಗೆ ಸಿಗುವುದು ಹೆಚ್ಚೆಂದರೆ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಒಂದು ಹೆಚ್ಚುವರಿ ಅವಕಾಶ. ಬೇಗ ಕೊಟ್ಟಷ್ಟೂ ಬೆಲೆ ಹೆಚ್ಚು. ಬೆಟ್ಸ್ ಅವರನ್ನು ಕೊಟ್ಟಾಗ ಉಳಿದಿದ್ದದ್ದು ಒಂದೇ ವರ್ಷ; ಹಾಗಾಗಿ ಸಿಕ್ಕಿದ್ದೂ ಅಷ್ಟಕ್ಕಷ್ಟೆ.

ವಾಷಿಂಗ್ಟನ್ ನ್ಯಾಷನಲ್ಸ್ ಹುವಾನ್ ಸೋಟೊ ವಿಷಯದಲ್ಲಿ ಹೀಗೆ ಕಾಯಲಿಲ್ಲ. 15 ವರ್ಷಕ್ಕೆ 44 ಕೋಟಿ ಡಾಲರ್ ಕೊಡುತ್ತೇವೆಂದರೂ ಸೋಟೊ ಬೇಡವೆಂದರು. ಎರಡೂವರೆ ಸೀಸನ್ ಇನ್ನೂ ಬಾಕಿ ಇದ್ದಾಗಲೇ, 2022ರ ಆಗಸ್ಟ್ 2ರಂದು, 23 ವರ್ಷದ ಅವರನ್ನು ಸ್ಯಾನ್ ಡಿಯೇಗೊಗೆ ಕೊಟ್ಟರು. ಬದಲಿಗೆ ಬಂದವರಲ್ಲಿ ಸಿ. ಜೆ. ಏಬ್ರಮ್ಸ್, ಮೆಕೆನ್ಝಿ ಗೋರ್, ಜೇಮ್ಸ್ ವುಡ್ ಮೂವರೂ ಮುಂದೆ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ವಾಷಿಂಗ್ಟನ್ ಅಭಿಮಾನಿಗಳ ದುಃಖ ಅದರಿಂದ ಕಡಿಮೆಯಾಗಲಿಲ್ಲ, ತಂಡವೂ ತಕ್ಷಣಕ್ಕೆ ಗೆಲ್ಲಲು ಶುರು ಮಾಡಲಿಲ್ಲ. ಆದರೆ ವ್ಯಾಪಾರವಾಗಿ ಅದು ಬಾಸ್ಟನ್ನಿನದಕ್ಕಿಂತ ಎಷ್ಟೋ ಮೇಲು. ಸೋಟೊ ಲೆಕ್ಕವೂ ತಪ್ಪಲಿಲ್ಲ: 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ಅವರಿಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟಿತು.

ಕಲ್ಪನೆ: ತಾರೆ ಹೋದರೆ ತಂಡ ಮುಳುಗಿದಂತೆ.

ಕ್ರಿಕೆಟ್‌ನಲ್ಲಿ ಒಬ್ಬ ಕೊಹ್ಲಿ ನಿಂತು ಆಡಿದರೆ ಪಂದ್ಯವೇ ತಿರುಗುತ್ತದೆ. ಬೇಸ್‌ಬಾಲ್ ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಎಷ್ಟೇ ದೊಡ್ಡ ಬ್ಯಾಟ್ಸ್‌ಮನ್ ಆದರೂ ಒಂಬತ್ತು ಮಂದಿಯ ಸರದಿಯಲ್ಲಿ ಒಬ್ಬ. ಪಂದ್ಯಕ್ಕೆ ನಾಲ್ಕೈದು ಸಲ ಬ್ಯಾಟ್ ಹಿಡಿದರೆ ಮುಗಿಯಿತು. ಶುರುವಿನ ಪಿಚರ್ ಐದು ದಿನಕ್ಕೊಮ್ಮೆ ಮೈದಾನಕ್ಕಿಳಿಯುತ್ತಾನೆ.

ಸಿಯಾಟಲ್ ಮ್ಯಾರಿನರ್ಸ್ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1998ರ ಜುಲೈನಲ್ಲಿ ಎತ್ತರದ ಪಿಚರ್ ರ್‍ಯಾಂಡಿ ಜಾನ್ಸನ್ ಅವರನ್ನು ಹ್ಯೂಸ್ಟನ್‌ಗೆ ಕೊಟ್ಟರು. 2000ದ ಫೆಬ್ರುವರಿಯಲ್ಲಿ ಊರಿನ ಕಣ್ಮಣಿ ಕೆನ್ ಗ್ರಿಫಿ ಜೂನಿಯರ್ ತಾವೇ ಕೇಳಿಕೊಂಡು ಸಿನ್ಸಿನಾಟಿಗೆ ಹೋದರು. ಅದೇ ವರ್ಷದ ಕೊನೆಗೆ ಅಲೆಕ್ಸ್ ರೊಡ್ರಿಗೆಜ್ ಫ್ರೀ ಏಜೆಂಟ್ ಆಗಿ, 10 ವರ್ಷಕ್ಕೆ 25.2 ಕೋಟಿ ಡಾಲರ್‌ಗೆ ಟೆಕ್ಸಸ್ ಸೇರಿದರು. ಮೂವರು ದಿಗ್ಗಜರು ಎರಡೂವರೆ ವರ್ಷದಲ್ಲಿ ಖಾಲಿ. 2001ರಲ್ಲಿ ಸಿಯಾಟಲ್ ಗೆದ್ದ ಪಂದ್ಯ ಎಷ್ಟು ಗೊತ್ತೆ? 116. 1906ರ ಚಿಕಾಗೊ ಕಬ್ಸ್ ದಾಖಲೆಗೆ ಸಮ. ಜಾನ್ಸನ್ ಬದಲಿಗೆ ಬಂದ ಫ್ರೆಡಿ ಗಾರ್ಸಿಯಾ ಪಿಚಿಂಗ್‌ನ ಮುಂದಾಳು, ಗ್ರಿಫಿ ಬದಲಿಗೆ ಬಂದ ಮೈಕ್ ಕ್ಯಾಮರನ್ ಸೆಂಟರ್ ಫೀಲ್ಡ್‌ನಲ್ಲಿ ಗಟ್ಟಿಗ, ಜೊತೆಗೆ ಜಪಾನಿನಿಂದ ಇಚಿರೊ ಸುಝುಕಿ ಬಂದಿದ್ದರು. ರೊಡ್ರಿಗೆಜ್ ಅತ್ತ ಟೆಕ್ಸಸ್‌ನಲ್ಲಿ ಮೂರು ವರ್ಷ ಸಾಲಾಗಿ 52, 57, 47 ಹೋಮ್ ರನ್ ಬಾರಿಸಿದರು. ಮೂರೂ ವರ್ಷ ತಂಡ ತನ್ನ ವಿಭಾಗದಲ್ಲಿ ಕಟ್ಟಕಡೆ. ಹಾಗೆಂದು ಸಿಯಾಟಲ್‌ಗೆ ತಾರೆಗಳು ಬೇಡವೇ ಬೇಡ ಎಂದುಕೊಳ್ಳಬೇಡಿ. ಆ 2001ರ ನಂತರ ಮತ್ತೆ ಪ್ಲೇಆಫ್ ಮುಖ ನೋಡಲು ಅವರು 2022ರವರೆಗೆ ಕಾಯಬೇಕಾಯಿತು.

ಬಾಸ್ಟನ್‌ನಲ್ಲೂ ಇಂಥದ್ದೊಂದು ನಡೆದಿದೆ. ನೋಮಾರ್ ಗಾರ್ಸಿಯಾಪಾರಾ ಎಂದರೆ ಆ ಊರಿಗೆ ಪ್ರಾಣ. 1999, 2000 ಎರಡೂ ವರ್ಷ ಲೀಗ್‌ನಲ್ಲೇ ಅತಿಹೆಚ್ಚು ಸರಾಸರಿ. 2004ರ ಜುಲೈ 31ರಂದು ಟ್ರೇಡ್ ಗಡುವು ಮುಗಿಯುವ ಹೊತ್ತಿಗೆ ಜನರಲ್ ಮ್ಯಾನೇಜರ್ ಥಿಯೊ ಎಪ್‌ಸ್ಟೀನ್ ಈ ಆಟಗಾರನನ್ನು ಕಬ್ಸ್‌ಗೆ ಕಳಿಸಿಬಿಟ್ಟರು. ಕಾಲಿನ ಗಾಯದಿಂದ ನೋಮಾರ್ ಶಾರ್ಟ್‌ಸ್ಟಾಪ್‌ನಲ್ಲಿ ಮೊದಲಿನಂತೆ ಬಗ್ಗಿ ಚೆಂಡು ಹಿಡಿಯಲಾಗುತ್ತಿರಲಿಲ್ಲ, ಒಪ್ಪಂದವೂ ಆ ವರ್ಷಕ್ಕೆ ಮುಗಿಯುತ್ತಿತ್ತು. ಬದಲಿಗೆ ಬಂದವರು ಫೀಲ್ಡಿಂಗ್‌ಗೆ ಹೆಸರಾದ ಒರ್ಲಾಂಡೊ ಕಾಬ್ರೇರಾ ಮತ್ತು ಡಗ್ ಮೆಂಟ್‌ಕೇವಿಚ್. ಅದೇ ದಿನ ಇನ್ನೊಂದು ಸಣ್ಣ ಟ್ರೇಡ್‌ನಲ್ಲಿ, ಯಾರೂ ಗಮನಿಸದಂತೆ, ಡೇವ್ ರಾಬರ್ಟ್ಸ್ ಎಂಬ ಓಟಗಾರ ಬಂದರು. ಅಕ್ಟೋಬರ್‌ನಲ್ಲಿ ಯಾಂಕೀಸ್ ಎದುರು ಮೂರು ಪಂದ್ಯ ಸೋತು, ನಾಲ್ಕನೆಯದರ ಒಂಬತ್ತನೇ ಇನ್ನಿಂಗ್ಸ್‌ನಲ್ಲೂ ಹಿಂದಿದ್ದಾಗ ಎರಡನೇ ಬೇಸ್ ಕದ್ದು ಸರಣಿಯನ್ನೇ ತಿರುಗಿಸಿದ್ದು ಈ ರಾಬರ್ಟ್ಸ್. 86 ವರ್ಷದ ಬಳಿಕ ಬಾಸ್ಟನ್ ಚಾಂಪಿಯನ್ ಆದಾಗ ಕೊನೆಯ ಔಟ್‌ನ ಚೆಂಡು ಹಿಡಿದದ್ದು ಮೆಂಟ್‌ಕೇವಿಚ್. ಆ ಚೆಂಡು ಯಾರ ಸೊತ್ತು ಎಂದು ಆಮೇಲೆ ತಂಡಕ್ಕೂ ಅವರಿಗೂ ಜಟಾಪಟಿಯೂ ನಡೆಯಿತು. ರಾಬರ್ಟ್ಸ್ ಮುಂದೆ ಡಾಡ್ಜರ್ಸ್ ತರಬೇತುದಾರರಾದರು. ಬಾಸ್ಟನ್ ಕೊಟ್ಟ ಬೆಟ್ಸ್ ಅವರನ್ನು ಇಟ್ಟುಕೊಂಡು 2020ರಲ್ಲಿ ಗೆದ್ದದ್ದೂ ಅವರೇ.

ಕಲ್ಪನೆ: ಬೇಬ್ ರೂತ್ ಅವರನ್ನು ಮಾರಿದ್ದು ಸಂಗೀತ ನಾಟಕಕ್ಕೆ ದುಡ್ಡು ಹೊಂದಿಸಲು.

ರೂತ್ ಆಗ ಆಡುತ್ತಿದ್ದ ಬಾಸ್ಟನ್ ತಂಡದ ಮಾಲೀಕ ಹ್ಯಾರಿ ಫ್ರೇಝಿ ನಾಟಕ ಕಂಪನಿಯವರು, ಅದು ಸರಿ. ಆದರೆ ಜನ ಬೆರಳು ತೋರಿಸುವ ‘ನೋ, ನೋ, ನನೆಟ್’ ಬ್ರಾಡ್‌ವೇಗೆ ಬಂದದ್ದು 1925ರಲ್ಲಿ. ರೂತ್ ಯಾಂಕೀಸ್‌ಗೆ ಹೋದದ್ದು 1919ರ ಡಿಸೆಂಬರ್ 26ರ ಒಪ್ಪಂದದಲ್ಲಿ, 1 ಲಕ್ಷ ಡಾಲರ್‌ಗೆ, ಜೊತೆಗೆ ತಂಡದ ಮೈದಾನ ಫೆನ್ವೇ ಪಾರ್ಕ್ ಅಡವಿಟ್ಟು ತಂದ ಸಾಲಕ್ಕೆ. ಅಲ್ಲೂ ಸಂಬಳದ ಜಗಳವಿತ್ತು: ಮೂರು ವರ್ಷದ ಒಪ್ಪಂದದ ನಡುವೆಯೇ ರೂತ್ 10 ಸಾವಿರ ಡಾಲರ್ ಸಾಲದು, 20 ಸಾವಿರ ಬೇಕು ಎಂದು ಕೂತಿದ್ದರು. 29 ಹೋಮ್ ರನ್ ಹೊಡೆದು ದಾಖಲೆ ಮಾಡಿದ ಆಟಗಾರ ಇದ್ದೂ ತಂಡ ಆರನೇ ಸ್ಥಾನದಲ್ಲಿತ್ತು, ಹಾಗಾಗಿ ಹೋದರೆ ಹೋಗಲಿ ಎಂಬ ವಾದಕ್ಕೆ ಫ್ರೇಝಿ ಬಳಿ ಆಧಾರವೂ ಇತ್ತು. ಮರುವರ್ಷ ರೂತ್ 54 ಹೊಡೆದರು.

ಕಲ್ಪನೆ: ಆಟಗಾರನೇ ದುಡ್ಡಿನಾಸೆಗೆ ಊರು ಬಿಟ್ಟ.

ಟ್ರೇಡ್ ಮತ್ತು ಫ್ರೀ ಏಜೆನ್ಸಿ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ ಬರುವ ಆರೋಪ ಇದು. ಐಪಿಎಲ್‌ನಲ್ಲಿ ತಂಡಗಳು ಆಟಗಾರನನ್ನು ಅದಲು ಬದಲು ಮಾಡಿಕೊಳ್ಳಲು ಅವನ ಒಪ್ಪಿಗೆ ಬೇಕು. ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಕೇಳುವುದೇ ಇಲ್ಲ. ಫೋನ್ ಬರುತ್ತದೆ, ಗಂಟುಮೂಟೆ ಕಟ್ಟಬೇಕು.

ಇದನ್ನು ಎದುರಿಸಿ ನಿಂತವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಕರ್ಟ್ ಫ್ಲಡ್. 12 ಸೀಸನ್ ಅಲ್ಲಿ ಆಡಿದ್ದರು, ಸೆಂಟರ್ ಫೀಲ್ಡ್‌ನಲ್ಲಿ ಸತತ ಏಳು ಗೋಲ್ಡ್ ಗ್ಲೋವ್ ಫೀಲ್ಡಿಂಗ್ ಪ್ರಶಸ್ತಿ. 1969ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾಗೆ ಕೊಟ್ಟಿದ್ದೇವೆ ಎಂಬ ಸುದ್ದಿ ಬಂದಾಗ ಹೋಗಲಾರೆ ಎಂದರು. ವರ್ಷಕ್ಕೆ 90 ಸಾವಿರ ಡಾಲರ್ ಪಡೆಯುತ್ತಿದ್ದವರಿಗೆ ಅಲ್ಲಿ ಅದಕ್ಕಿಂತ ಹೆಚ್ಚೇ ಸಿಗುತ್ತಿತ್ತು, ಅದನ್ನೂ ಬಿಟ್ಟರು. ತಾನು ಕೊಂಡು ಮಾರುವ ಆಸ್ತಿಯಲ್ಲ ಎಂದು ಕಮಿಷನರ್‌ಗೆ ಪತ್ರ ಬರೆದು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1972ರಲ್ಲಿ ಸುಪ್ರೀಂ ಕೋರ್ಟ್ 5-3ರಿಂದ ಅವರ ವಿರುದ್ಧ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರ ಆಟದ ಬದುಕು ಮುಗಿದಿತ್ತು. ಆದರೆ ಅವರು ಹೊತ್ತಿಸಿದ ಕಿಡಿ ಆರಲಿಲ್ಲ. 1973ರ ಹೊತ್ತಿಗೆ ಹೊಸ ನಿಯಮ ಬಂತು: ಲೀಗ್‌ನಲ್ಲಿ ಹತ್ತು ವರ್ಷ, ಅದರಲ್ಲಿ ಕೊನೆಯ ಐದು ಒಂದೇ ತಂಡದಲ್ಲಿ ಆಡಿದ್ದರೆ ಟ್ರೇಡ್ ಬೇಡ ಎನ್ನುವ ಹಕ್ಕು ಆಟಗಾರನಿಗೆ. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅವರ ತೀರ್ಪು ಫ್ರೀ ಏಜೆನ್ಸಿಯ ಬಾಗಿಲನ್ನೂ ತೆರೆಯಿತು. ಈಗ ದೊಡ್ಡ ತಾರೆಗಳು ಒಪ್ಪಂದದಲ್ಲೇ ಇಂಥ ಷರತ್ತು ಬರೆಸಿಕೊಳ್ಳುತ್ತಾರೆ. ಮಾರ್ಲಿನ್ಸ್‌ನ ಜಿಯಾನ್‌ಕಾರ್ಲೊ ಸ್ಟ್ಯಾಂಟನ್ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಸೇಂಟ್ ಲೂಯಿಸ್ ಎರಡನ್ನೂ ತಳ್ಳಿಹಾಕಿ ಯಾಂಕೀಸ್‌ಗೆ ಹೂಂ ಎಂದದ್ದು ಆ ಷರತ್ತಿನ ಬಲದಿಂದ.

ಕಲ್ಪನೆ: ಕಳಿಸಿಬಿಟ್ಟರೆ ಸಂಬಳದ ಹೊರೆಯೂ ಪೂರ್ತಿ ಇಳಿಯುತ್ತದೆ.

ಎಷ್ಟೋ ಸಲ ಇಳಿಯುವುದಿಲ್ಲ. ಬೇಸ್‌ಬಾಲ್ ಒಪ್ಪಂದದ ಮೊತ್ತ ಖಾತರಿಯದು, ಯಾರಾದರೂ ಕಟ್ಟಲೇಬೇಕು. 2004ರಲ್ಲಿ ಟೆಕ್ಸಸ್ ರೊಡ್ರಿಗೆಜ್ ಅವರನ್ನು ಯಾಂಕೀಸ್‌ಗೆ ಕೊಟ್ಟಾಗ ಬಾಕಿ ಇದ್ದ 17.9 ಕೋಟಿ ಡಾಲರ್‌ನಲ್ಲಿ 6.7 ಕೋಟಿ ತಾನೇ ಕೊಡಲು ಒಪ್ಪಿತು. 2021ರಲ್ಲಿ ಕೊಲೊರಾಡೊ ರಾಕೀಸ್ ನೋಲನ್ ಅರೆನಾಡೊ ಜೊತೆಗೆ ಸೇಂಟ್ ಲೂಯಿಸ್‌ಗೆ ಸುಮಾರು 5 ಕೋಟಿ ಡಾಲರ್ ಕಳಿಸಿತು. ಹುಡುಗಿಯನ್ನೂ ಕೊಟ್ಟು ವರದಕ್ಷಿಣೆಯನ್ನೂ ಕೊಟ್ಟಂತೆ ಎಂದು ಕೊಲೊರಾಡೊದವರು ಮರುಗಿದ್ದರೆ ತಪ್ಪಿಲ್ಲ.

ಕಲ್ಪನೆ: ಕಂಪ್ಯೂಟರ್ ಮುಂದೆ ಕೂತವರ ಲೆಕ್ಕ ತಪ್ಪುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಅವರ ಅನುಮಾನಕ್ಕೆ ಬಲವಾದ ಆಧಾರ ಇದೆ. ಸೇಂಟ್ ಲೂಯಿಸ್‌ನ ಆರಾಧ್ಯ ದೈವ ಆಲ್ಬರ್ಟ್ ಪೂಹೋಲ್ಸ್ 2011ರ ಡಿಸೆಂಬರ್‌ನಲ್ಲಿ 10 ವರ್ಷ, 24 ಕೋಟಿ ಡಾಲರ್‌ಗೆ ಏಂಜಲ್ಸ್ ಸೇರಿದಾಗ ಕಾರ್ಡಿನಲ್ಸ್ ಅಷ್ಟು ಕೊಡಲಾಗದು ಎಂದು ಸುಮ್ಮನಾಯಿತು. ಅದು ಟ್ರೇಡ್ ಅಲ್ಲ, ಆದರೆ ಲೆಕ್ಕ ಅದೇ. ಮುಂದಿನ ನಾಲ್ಕು ವರ್ಷವೂ ಕಾರ್ಡಿನಲ್ಸ್ ಪ್ಲೇಆಫ್ ಆಡಿತು. ಪೂಹೋಲ್ಸ್ ಇದ್ದ ಅಷ್ಟೂ ಕಾಲದಲ್ಲಿ ಏಂಜಲ್ಸ್ ಆಡಿದ್ದು ಒಂದೇ ಸಲ, ಕೊನೆಗೆ 2021ರ ಮೇನಲ್ಲಿ ಒಪ್ಪಂದ ಮುಗಿಯುವ ಮೊದಲೇ ಅವರನ್ನು ಕೈಬಿಟ್ಟಿತು. ಹಿಂದಿನ ಆಟಕ್ಕೆ ಮುಂದಿನ ವರ್ಷಗಳಲ್ಲಿ ಸಂಬಳ ಕೊಡುವುದು ಎಂದರೆ ಇದೇ.

ಆದರೆ ಇದೇ ತರ್ಕ 1965ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿಯನ್ನು ಮಣ್ಣುಮುಕ್ಕಿಸಿತು. ತಂಡದ ತಾರೆ ಫ್ರಾಂಕ್ ರಾಬಿನ್ಸನ್‌ಗೆ 30 ಆಯಿತು, ಇನ್ನು ಇಳಿಜಾರು ಎಂದು ಮಾಲೀಕ ಬಿಲ್ ಡಿವಿಟ್ ಈ ಆಟಗಾರನನ್ನು ಬಾಲ್ಟಿಮೋರ್‌ಗೆ ಕೊಟ್ಟರು. 1966ರಲ್ಲಿ ರಾಬಿನ್ಸನ್ ಸರಾಸರಿ, ಹೋಮ್ ರನ್, ಗಳಿಸಿಕೊಟ್ಟ ರನ್ ಮೂರರಲ್ಲೂ ಲೀಗ್‌ಗೆ ಮೊದಲಿಗರಾಗಿ ಬಾಲ್ಟಿಮೋರ್‌ಗೆ ವರ್ಲ್ಡ್ ಸೀರೀಸ್ ಗೆಲ್ಲಿಸಿಕೊಟ್ಟರು. ಕೊಳ್ಳುವವರೂ ಮುಗ್ಗರಿಸುತ್ತಾರೆ. 2018ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್, ಟ್ಯಾಂಪಾ ಬೇ ರೇಸ್‌ನ ಜನಪ್ರಿಯ ಪಿಚರ್ ಕ್ರಿಸ್ ಆರ್ಚರ್‌ಗಾಗಿ ಟೈಲರ್ ಗ್ಲಾಸ್ನೊ, ಆಸ್ಟಿನ್ ಮೆಡೋಸ್, ಶೇನ್ ಬಾಸ್ ಮೂವರನ್ನೂ ಕೊಟ್ಟಿತು. ಎರಡು ವರ್ಷದಲ್ಲಿ ಟ್ಯಾಂಪಾ ವರ್ಲ್ಡ್ ಸೀರೀಸ್‌ನಲ್ಲಿತ್ತು, ಗ್ಲಾಸ್ನೊ ಮೊದಲ ಪಂದ್ಯದ ಪಿಚರ್. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ.

ಕಲ್ಪನೆ: ಇದೆಲ್ಲ ತಣ್ಣನೆಯ ವ್ಯವಹಾರ, ಸಿಟ್ಟು ಸೆಡವಿಗೆ ಜಾಗವಿಲ್ಲ.

2025ರ ಜೂನ್ 15ರಂದು ರೆಡ್ ಸಾಕ್ಸ್ ಯಾಂಕೀಸ್ ವಿರುದ್ಧದ ಸರಣಿಯ ಕೊನೆಯ ಪಂದ್ಯವನ್ನೂ ಗೆದ್ದು ಮುಗಿಸಿತ್ತು. ಸಂಜೆಯ ಹೊತ್ತಿಗೆ ರಾಫೆಲ್ ಡೆವರ್ಸ್ ಸ್ಯಾನ್ ಫ್ರಾನ್ಸಿಸ್ಕೊ ಪಾಲಾಗಿದ್ದರು. ಎರಡು ವರ್ಷದ ಹಿಂದೆ ಅವರಿಗೆ 31 ಕೋಟಿ ಡಾಲರ್ ಮೀರಿದ ಒಪ್ಪಂದ ಕೊಟ್ಟದ್ದು ಇದೇ ತಂಡ. ಮೂರನೇ ಬೇಸ್‌ನಿಂದ ಸರಿಸಿದ್ದು, ಆಮೇಲೆ ಮೊದಲ ಬೇಸ್‌ನಲ್ಲಿ ನಿಲ್ಲಲು ಕೇಳಿದ್ದು, ಅವರು ಒಲ್ಲೆ ಎಂದದ್ದು, ಎಲ್ಲ ಬಹಿರಂಗ ಮುನಿಸಾಗಿ ಬೆಳೆದಿತ್ತು.

ಆದರೆ ಮುನಿಸಿನ ಟ್ರೇಡ್ ಎಂದರೆ ಹಿರಿಯ ಅಭಿಮಾನಿಗಳು ನೆನೆಯುವುದು 1977ರ ಜೂನ್ 15ರ ರಾತ್ರಿಯನ್ನು. ನ್ಯೂಯಾರ್ಕ್ ಮೆಟ್ಸ್ ತಂಡ ಎಂದರೆ ಟಾಮ್ ಸೀವರ್. ಮೂರು ಸಲ ಲೀಗ್‌ನ ಅತ್ಯುತ್ತಮ ಪಿಚರ್, 1969ರ ವರ್ಲ್ಡ್ ಸೀರೀಸ್ ಗೆಲುವಿನ ರೂವಾರಿ. ಸಂಬಳ 2,25,000 ಡಾಲರ್. ಫ್ರೀ ಏಜೆನ್ಸಿ ಆಗತಾನೇ ಬಂದಿತ್ತು, ತನಗಿಂತ ಕಿರಿಯರು ಲಕ್ಷಗಟ್ಟಲೆ ಹೆಚ್ಚು ಪಡೆಯುತ್ತಿದ್ದದ್ದು ಸೀವರ್ ಕಣ್ಣೆದುರೇ ಇತ್ತು. ತಂಡ ಹೊಸಬರನ್ನು ಕೊಳ್ಳುತ್ತಿಲ್ಲ ಎಂದು ಬಾಯಿಬಿಟ್ಟೇ ಟೀಕಿಸಿದರು. ಅಧ್ಯಕ್ಷ ಎಂ. ಡೊನಾಲ್ಡ್ ಗ್ರ್ಯಾಂಟ್‌ಗೆ ಅದು ಅಧಿಕಪ್ರಸಂಗ. ಹೇಗೋ ಒಪ್ಪಂದ ವಿಸ್ತರಿಸುವ ಮಾತು ಕುದುರುತ್ತಿದ್ದಾಗ ಅಂಕಣಕಾರ ಡಿಕ್ ಯಂಗ್, ಹಳೆಯ ಜೊತೆಗಾರ ನೋಲನ್ ರಯಾನ್ ಹೆಚ್ಚು ಸಂಬಳ ಪಡೆಯುತ್ತಿರುವುದು ಸೀವರ್ ಹೆಂಡತಿಗೆ ಹೊಟ್ಟೆಕಿಚ್ಚು ಎಂದು ಬರೆದರು. ಹೆಂಡತಿಯ ಹೆಸರು ಎಳೆದ ಮೇಲೆ ಸೀವರ್ ಮಾತು ಮುರಿದುಕೊಂಡರು. ಸಿನ್ಸಿನಾಟಿಯಿಂದ ನಾಲ್ವರನ್ನು ತಂದು ಸೀವರ್ ಅವರನ್ನು ಅಲ್ಲಿಗೆ ಕಳಿಸಲಾಯಿತು.

ಜನಪ್ರಿಯತೆಗೂ ಖಾತೆ ಪುಸ್ತಕದಲ್ಲಿ ಒಂದು ಸಾಲು ಇದೆ ಎಂಬುದು ಮೆಟ್ಸ್‌ಗೆ ಆಮೇಲೆ ಗೊತ್ತಾಯಿತು. 1970ರಲ್ಲಿ ಇಡೀ ಸೀಸನ್‌ಗೆ 26 ಲಕ್ಷ ಮೀರಿ ಜನ ಬಂದಿದ್ದ ಶೇ ಸ್ಟೇಡಿಯಂಗೆ 1979ರಲ್ಲಿ ಬಂದವರು 8 ಲಕ್ಷಕ್ಕೂ ಕಡಿಮೆ. ತಂಡ ಸೋಲುತ್ತಿತ್ತು, ಅದೂ ಕಾರಣವೇ. ಆದರೆ ಸೋಲುವ ತಂಡದಲ್ಲಿ ಸೀವರ್ ಒಬ್ಬರಿದ್ದರೂ ಐದು ದಿನಕ್ಕೊಮ್ಮೆ ಟಿಕೆಟ್ ಕೊಳ್ಳುವವರಿರುತ್ತಿದ್ದರು.

ಮಾಲೀಕರು ಬದಲಾದರು. 1983ರ ಸೀಸನ್‌ಗೆ ಸೀವರ್ ಅವರನ್ನು ಮರಳಿ ಕರೆತಂದಾಗ ಊರಿಗೆ ಊರೇ ಎದ್ದು ಚಪ್ಪಾಳೆ ತಟ್ಟಿತು. ಮರುವರ್ಷ ಜನವರಿಯಲ್ಲಿ ಇನ್ನೊಂದು ಎಡವಟ್ಟು. ಆಗ, ಫ್ರೀ ಏಜೆಂಟ್ ಒಬ್ಬನನ್ನು ಕಳೆದುಕೊಂಡ ತಂಡ ಪರಿಹಾರವಾಗಿ ಬೇರೆ ತಂಡಗಳ ಕಾಯ್ದಿರಿಸದ ಆಟಗಾರರಲ್ಲಿ ಒಬ್ಬನನ್ನು ಆರಿಸಿಕೊಳ್ಳಬಹುದಿತ್ತು. ಮೆಟ್ಸ್ ಎಳೆಯರನ್ನೆಲ್ಲ ಕಾಯ್ದಿರಿಸಿ ಸೀವರ್ ಹೆಸರನ್ನು ಬಿಟ್ಟಿತು. ವಯಸ್ಸು 39, ಸಂಬಳ ದೊಡ್ಡದು, ಯಾರು ತಗೊಳ್ಳುತ್ತಾರೆ ಎಂಬ ಲೆಕ್ಕ. ಚಿಕಾಗೊ ವೈಟ್ ಸಾಕ್ಸ್ ತಗೊಂಡಿತು. ಅಲ್ಲಿ ಸೀವರ್ 1984ರಲ್ಲಿ 15, 1985ರಲ್ಲಿ 16 ಪಂದ್ಯ ಗೆದ್ದರು. ಅವುಗಳಲ್ಲಿ ಒಂದು ಅವರ 300ನೆಯ ಗೆಲುವು. ಅದು ಬಂದದ್ದು ನ್ಯೂಯಾರ್ಕಿನಲ್ಲೇ, ಯಾಂಕೀಸ್ ಅಂಗಳದಲ್ಲಿ.